ಚಿಮಣಿ ಬೀದಿಯ ಶಾಖೋದ್ಧಾರಕ

"ಅಕ್ಕಾ, ಒಸಿ ಹಿಂದಕ್ಕೆ ನಿಂತ್ಕೊ. ಇದು ಸಾಮಾನ್ಯದ ಕೆಲಸ ಅಲ್ಲ," ಎಂದು ಮರಿಲಿಂಗಯ್ಯ ಪಂಚೆ ಎತ್ತಿ ಕಟ್ಟಿದ.

ಹೊಂಬಾಳಮ್ಮ ಹಿಂದಕ್ಕೆ ಹೋಗಲಿಲ್ಲ. ತಮ್ಮ ಏನಾದರೂ ಹೊಸದು ಕಂಡುಹಿಡಿದಾಗ ಬಕೆಟ್ ನೀರು ಹಿಡಿದು ಹತ್ತಿರದಲ್ಲೇ ನಿಲ್ಲಬೇಕೆಂದು ಆಕೆ ಅನುಭವದಿಂದ ಕಲಿತಿದ್ದಳು. ಹೋದ ಸಲ ಅವನು ಸೊಳ್ಳೆಗಳಿಗೆ ಜೋಗುಳ ಹಾಡಿ ಮಲಗಿಸುವ ಯಂತ್ರ ಮಾಡಿದ್ದ. ಮನೆಯವರು, ಹಸು, ಬೀದಿಯ ನಾಯಿ ಎಲ್ಲ ಮಲಗಿ ಸೊಳ್ಳೆಗಳು ಮಾತ್ರ ಎಚ್ಚರವಾಗಿದ್ದವು. ಅದಕ್ಕೂ ಹಿಂದೆ ಮಾಡಿದ್ದು ಮುದ್ದೆ ಕಟ್ಟುವ ಯಂತ್ರ. ಅದು ಕಟ್ಟಿದ ಮುದ್ದೆಯೊಂದು ಈಗಲೂ ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಅಡ್ಡ ಇಡಲು ಉಪಯೋಗವಾಗುತ್ತಿತ್ತು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಬೆನ್ನಿಗೆ ಒಂದು ಬೀದಿ. ನಗರಸಭೆಯವರು ಅದಕ್ಕೆ ಯಾರೋ ಮಹನೀಯರ ಹೆಸರಿಟ್ಟು ಬೋರ್ಡನ್ನೂ ನೆಟ್ಟಿದ್ದಾರೆ. ಆದರೆ ಜನ ಕರೆಯುವುದು ಚಿಮಣಿ ಬೀದಿ ಎಂದೇ. ಆ ಬೀದಿಯ ನಡುಮಧ್ಯದಲ್ಲಿ ಹೊಂಬಾಳಮ್ಮನ ರೇಷ್ಮೆ ಕಾರ್ಖಾನೆ. ಕಾರ್ಖಾನೆ ಎಂದರೆ ಗಾಬರಿಯಾಗುವಂಥದ್ದೇನಲ್ಲ. ಹೆಂಚು ಹೊದಿಸಿದ ಉದ್ದನೆಯ ಒಂದು ಕೋಣೆ, ಅದರಲ್ಲಿ ಸಾಲಾಗಿ ಬಿಸಿನೀರಿನ ಬೋಗುಣಿಗಳು, ಒಂದೊಂದು ಬೋಗುಣಿಯ ಮುಂದೆ ಒಬ್ಬೊಬ್ಬ ಹೆಣ್ಣುಮಗಳು. ನೀರಿನಲ್ಲಿ ಬೆಂದ ರೇಷ್ಮೆಗೂಡಿನ ಎಳೆ ಹಿಡಿದು ರಾಟೆಗೆ ಸುತ್ತುವುದು ಅವರ ಕೆಲಸ. ಬೋಗುಣಿ ಕಾಯಲು ಆವಿ ಬೇಕು, ಆವಿಗೆ ಬಾಯ್ಲರ್ ಬೇಕು, ಬಾಯ್ಲರ್‌ಗೆ ಸೌದೆ ಬೇಕು. ಗಂಡ ತೀರಿಕೊಂಡಾಗ, ಹೆಂಗಸಿನ ಕೈಯಲ್ಲಿ ಬಾಯ್ಲರ್ ನಡೆಯುವುದುಂಟೇ ಎಂದವರು ಬಹಳ ಮಂದಿ. ಆಕೆ ಮಾರನೆಯ ಬೆಳಗ್ಗೆಯೇ ಸೆರಗು ಸಿಕ್ಕಿಸಿ ಒಲೆಗೆ ಸೌದೆ ಒಟ್ಟಿದಳು. ಮರಿಲಿಂಗಯ್ಯ ಬಂದದ್ದು ಆಮೇಲೆ. ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ ಆಯುಷ್ಯ ಸವೆಸಿ, ಆ ಗಡಿಬಿಡಿಯಲ್ಲಿ ಮದುವೆಯಾಗುವುದನ್ನೇ ಮರೆತು, ನಿವೃತ್ತನಾಗಿ ಒಂದು ಟ್ರಂಕು ಮತ್ತು ಎರಡು ಮೂಟೆ ಹಳೇ ಕಬ್ಬಿಣದ ಸಮೇತ ಅಕ್ಕನ ಮನೆ ಸೇರಿದ್ದ.

"ನೋಡು, ಇದರ ಹೆಸರು ಶಾಖೋದ್ಧಾರಕ," ಎಂದು ಅವನು ಗೋಣಿಚೀಲ ಸರಿಸಿದ.

ಚಿಮಣಿಯ ಬುಡದಲ್ಲಿ ಸ್ನಾನದ ಹಂಡೆಗಿಂತ ದೊಡ್ಡದಾದ ಹಿತ್ತಾಳೆಯ ಹೊಟ್ಟೆಯೊಂದು ಕೂತಿತ್ತು. ಅದರಿಂದ ಹೊರಟ ತಾಮ್ರದ ಕೊಳವೆಗಳು ಚಿಮಣಿಯೊಳಗೆ ನುಗ್ಗಿ, ಅಲ್ಲಿ ಸುತ್ತಾಡಿಕೊಂಡು ಬಾಯ್ಲರ್‌ಗೆ ಬಂದು ಸೇರಿದ್ದವು. ನೆತ್ತಿಯ ಮೇಲೆ ಹಳೆಯ ಗ್ರಾಮಫೋನಿನ ಕಹಳೆ. ಕಹಳೆ ಮೆಲ್ಲಗೆ ಅತ್ತ ಇತ್ತ ತಿರುಗಿ, ಹೊಂಬಾಳಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದ ಹಾಗೆ ಮಾಡಿ, ಮತ್ತೆ ಚಿಮಣಿಯ ಕಡೆಗೆ ತಿರುಗಿತು.

"ಅಕ್ಕಾ, ನೀನು ಬಾಯ್ಲರ್‌ಗೆ ಹಾಕೋ ಸೌದೆ ಏನಾಗ್ತದೆ?"

"ಉರಿದು ಬೂದಿಯಾಗ್ತದೆ. ಎತ್ತೋಳು ನಾನು."

"ಬೂದಿ ಕತೆ ಬಿಡು. ಬಿಸಿ ಎಲ್ಲಿಗೆ ಹೋಗ್ತದೆ? ಒಂದು ಪಾಲು ನೀರಿಗೆ ಹೋಗಿ ಆವಿಯಾಗ್ತದೆ. ಮಿಕ್ಕಿದ್ದು ಹೊಗೆ ಜೊತೆ ಚಿಮಣಿ ಹತ್ತಿ ಆಕಾಶಕ್ಕೆ. ದೇವಲೋಕದೋರು ಚಳಿ ಕಾಯಿಸ್ಕೊಳ್ಲಿ ಅಂತ ನೀನು ಸೌದೆ ಸುಡ್ತಾ ಇದ್ದೀಯ. ನಮ್ಮ ಕಾರ್ಖಾನೇಲಿ ಹೊಗೆಯನ್ನ ಹಂಗೆ ಪುಕ್ಕಟೆ ಬಿಡ್ತಿರಲಿಲ್ಲ. ಅದು ಹೋಗೋ ದಾರಿಗೆ ಕೊಳವೆ ಅಡ್ಡ ಇಟ್ಟು, ಕೊಳವೆ ಒಳಗೆ ನೀರು ಬಿಡೋದು. ಹೊಗೆ ತನ್ನ ಬಿಸೀನ ನೀರಿಗೆ ಒಪ್ಪಿಸಿ ತಣ್ಣಗೆ ಹೋಗ್ತದೆ. ನೀರು ಕಾದುಕೊಂಡೇ ಬಾಯ್ಲರ್‌ಗೆ ಬರ್ತದೆ. ಆಗಲೇ ಅರ್ಧ ಕಾದಿರೋ ನೀರು ಆವಿಯಾಗೋಕೆ ಎಷ್ಟು ಸೌದೆ ಬೇಕು ಹೇಳು?"

ಹೊಂಬಾಳಮ್ಮ ಯೋಚಿಸಿದಳು. "ಇದು ನಮ್ಮವ್ವನ ಕೋಡೊಲೆ ಕಣೋ. ಮುಂದಿನ ಒಲೇಲಿ ಮುದ್ದೆ ಬೇಯ್ತಿತ್ತು, ಆ ಉರಿ ಮಿಕ್ಕಿದ್ದರಲ್ಲೇ ಹಿಂದಿನ ಒಲೇಲಿ ಸಾರು ಕುದೀತಿತ್ತು. ಅವ್ವ ಅದಕ್ಕೆ ಕಹಳೆ ಇಟ್ಟಿರಲಿಲ್ಲ, ಅಷ್ಟೇ."

"ಕೋಡೊಲೆಗೆ ಬುದ್ಧಿ ಇತ್ತಾ? ಇದಕ್ಕೈತೆ," ಎಂದು ಮರಿಲಿಂಗಯ್ಯ ಎದೆಯುಬ್ಬಿಸಿದ. "ಯಾವ ಬಿಸಿ ಕೆಲಸಕ್ಕೆ ಬರ್ತಾ ಐತೆ, ಯಾವುದು ದಂಡವಾಗಿ ಹೋಗ್ತಾ ಐತೆ ಅಂತ ಕಹಳೇಲಿ ನೋಡಿ ತಾನೇ ತೀರ್ಮಾನ ಮಾಡ್ತದೆ. ಈ ಗಳಿಗೇಲಿ ಯಾರಾದರೂ ಬಳಸ್ತಾ ಇರೋ ಬಿಸೀನ ಮುಟ್ಟಲ್ಲ. ಯಾರೂ ಬಳಸ್ತಿಲ್ಲವಾ, ದಂಡ. ಎಳ್ಕೊಂಡು ಹೊಟ್ಟೇಲಿ ಇಟ್ಕೊಳ್ತದೆ. ಬೇಕಾದೋರಿಗೆ ಕೊಡ್ತದೆ. ಇವತ್ತಿಂದ ನಿಂಗೆ ಎರಡರಷ್ಟು ಆವಿ."

ಈ ಎರಡರಷ್ಟು ಆವಿಯ ಮಾತನ್ನು ನಂಬಿಯೇ ಹೊಂಬಾಳಮ್ಮ ಹಿಂದಿನ ದಿನ ಮಾರುಕಟ್ಟೆಯಲ್ಲಿ ತಾನೆಂದೂ ಕೊಳ್ಳದಷ್ಟು ಗೂಡು ಕೊಂಡುಬಿಟ್ಟಿದ್ದಳು. ಬೆಳ್ಳಗೆ, ದಪ್ಪಗೆ, ಕೈಗೆ ತೂಕವಾಗಿದ್ದ ಗೂಡು. ಒಂದೇ ತೊಂದರೆ, ರೈತ ತಂದದ್ದು ತಡವಾಗಿತ್ತು. ಗೂಡಿನೊಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದು ಆಚೆ ಬರುವುದರೊಳಗೆ ಗೂಡಿಗೆ ಆವಿ ತೋರಿಸಿ ಅದನ್ನು ಸಾಯಿಸಬೇಕು. ತೂತು ಬಿದ್ದ ಗೂಡಿನ ಎಳೆ ಸಾವಿರ ತುಂಡು, ರಾಟೆಗೆ ಬರುವುದಿಲ್ಲ. ಹೂವಿನ ಹಾರ ಮಾಡುವವರಿಗೆ ಕೊಡಬೇಕು, ಅಷ್ಟೇ. ಇದ್ದ ಹಣವನ್ನೆಲ್ಲ ಸುರಿದ ಈ ಗೂಡು ಕೈಬಿಟ್ಟರೆ ಕಾರ್ಖಾನೆಗೆ ಬೀಗ, ಬೋಗುಣಿ ಮುಂದಿನ ಹೆಣ್ಣುಮಕ್ಕಳು ಮನೆಗೆ. ಇದನ್ನು ಆಕೆ ತಮ್ಮನಿಗೆ ಮೊದಲೇ ಹೇಳಿದ್ದಳು.

"ಇವತ್ತು ಸಂಜೆ ಒಳಗೆ ಅಷ್ಟೂ ಗೂಡಿಗೆ ಆವಿ ಆಗಬೇಕು ಕಣೋ. ಇದು ಸೊಳ್ಳೆ ವಿಷಯ ಅಲ್ಲ."

"ಮಧ್ಯಾಹ್ನಕ್ಕೇ ಆಗ್ತದೆ," ಎಂದು ಮರಿಲಿಂಗಯ್ಯ ಸನ್ನೆಕೋಲು ಒತ್ತಿದ.

ನಿಜ ಹೇಳಬೇಕೆಂದರೆ ಮೊದಲು ಎಲ್ಲವೂ ಚೆನ್ನಾಗಿಯೇ ನಡೆಯಿತು. ಹಿತ್ತಾಳೆ ಹೊಟ್ಟೆ ಗುಡುಗುಡು ಎಂದಿತು. ಬಾಯ್ಲರ್‌ನ ಒತ್ತಡದ ಮುಳ್ಳು ಎಂದೂ ಮುಟ್ಟದ ಗೆರೆ ಮುಟ್ಟಿತು. ಒಟ್ಟಿದ ಸೌದೆ ಅರ್ಧವೂ ಉರಿದಿರಲಿಲ್ಲ. ಚಿಮಣಿಯ ಹೊಗೆ ಎಷ್ಟು ತಣ್ಣಗೆ ಹೊರಡುತ್ತಿತ್ತೆಂದರೆ ಒಂದು ಕಾಗೆ ಬಂದು ಚಿಮಣಿಯ ತುಟಿಯ ಮೇಲೆ ಕೂತು, ಚಳಿಗೆ ರೆಕ್ಕೆ ಮುದುರಿಕೊಂಡು, ಕೆಳಗೆ ನೋಡಿ ಅಸಮಾಧಾನದಿಂದ ಕೂಗಿತು. ಹೊಂಬಾಳಮ್ಮನಿಗೆ ತಮ್ಮನ ಮೇಲೆ ಪ್ರೀತಿ ಉಕ್ಕಿ ಬಂತು. ಬಕೆಟ್ ಕೆಳಗಿಟ್ಟು, ತಿಂಡಿಗೆ ಕೂತ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

ರೊಟ್ಟಿ ಮುಗಿಯುವುದರೊಳಗೆ ಗಲಾಟೆ ಶುರುವಾಯಿತು.

ಮೊದಲು ಬಂದವರು ಪಕ್ಕದ ಮನೆಯ ಜೈಬುನ್ನೀಸಾ. ಮಗಳನ್ನು ಹೆರಿಗೆಗೆ ಕರೆದುಕೊಂಡು ಬಂದು, ಬಾಣಂತನದ ಭರಾಟೆಯಲ್ಲಿ ಬೀದಿಗೆಲ್ಲ ಕೇಳುವ ಹಾಗೆ ಓಡಾಡುತ್ತಿದ್ದ ಹೆಂಗಸು. ಕೈಯಲ್ಲಿ ತುಂಬಿದ ತಾಮ್ರದ ಕೊಡ.

"ಹೊಂಬಾಳಕ್ಕ, ನಿಮ್ಮ ಚಿಮಣಿಗೆ ಏನ್ ಬಂತು? ಬೆಳಗ್ಗೆ ನೀರು ಇಟ್ಟಿದ್ದೀನಿ, ಈಗ ಮುಟ್ಟಿದ್ರೆ ಬಾವಿ ನೀರು ಇದ್ದಂಗೆ ಐತೆ. ಬಾಣಂತಿಗೆ ಏನ್ ಹಾಕಲಿ, ಮಗೀಗೆ ಏನ್ ಹಾಕಲಿ?"

"ನನ್ನ ಚಿಮಣಿ ಮೇಲೆ ನೀವು ನೀರು ಇಡ್ತಿದ್ರಾ?" ಎಂದು ಹೊಂಬಾಳಮ್ಮ ಆಶ್ಚರ್ಯಪಟ್ಟಳು.

ಚಿಮಣಿಯ ಬೆನ್ನು ಹಿಂದಿನ ಓಣಿಗೆ ಚಾಚಿಕೊಂಡಿತ್ತು. ಅದರ ಬುಡಕ್ಕೊಂದು ಇಟ್ಟಿಗೆಯ ಕಟ್ಟೆ. ಓಣಿಯ ಕಡೆ ಆಕೆಗೆ ಕೆಲಸವೇ ಇರಲಿಲ್ಲ. ಅಲ್ಲಿ ಜನ ಕೂರುವುದನ್ನು ಕಂಡಿದ್ದಳು, ಹರಟೆಗೆ ಸೇರುತ್ತಾರೆ ಎಂದುಕೊಂಡಿದ್ದಳು. ಈಗ ಹೋಗಿ ನೋಡಿದರೆ ಕಟ್ಟೆಯ ಮೇಲೆ ಕೊಡಗಳ ಸಾಲು, ಮೊರದ ತುಂಬ ಒಣಗದ ಸಂಡಿಗೆ, ಗೋಡೆಯ ಮೊಳೆಗಳಲ್ಲಿ ಒದ್ದೆಯ ತೊಟ್ಟಿಲ ಬಟ್ಟೆ. ಮೂಲೆಯಲ್ಲಿ ನಿವೃತ್ತ ಮೇಷ್ಟ್ರು ಶ್ಯಾಮಣ್ಣನವರು ಗೋಡೆಗೆ ಬೆನ್ನು ಕೊಟ್ಟು, ಬೆನ್ನಿಗೆ ಏನೂ ಸಿಗದೆ, ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು.

"ಸೊಂಟದ ನೋವಿಗೆ ವೈದ್ಯರ ಎಣ್ಣೆಗಿಂತ ನಿಮ್ಮ ಗೋಡೆಯೇ ವಾಸಿ ಹೊಂಬಾಳಮ್ಮನವರೇ," ಎಂದರು ಮೇಷ್ಟ್ರು. ಜೀವಮಾನದಲ್ಲಿ ಯಾರ ಮೇಲೂ ದನಿ ಎತ್ತಿದವರಲ್ಲ ಅವರು. "ತೊಂದರೆ ಇಲ್ಲ. ನಾಳೆ ಬಿಸಿಯಾಗುತ್ತದಲ್ಲ?"

ಹಿಂದೆಯೇ ಬಂದ ಮರಿಲಿಂಗಯ್ಯನಿಗೆ ಎಲ್ಲಿಲ್ಲದ ಸಂಭ್ರಮ. "ಸಿಕ್ತು ಅಕ್ಕಾ ಸಿಕ್ತು, ಸೋರಿಕೆ! ಬರೀ ಹೊಗೇಲಿ ಹೋಗ್ತಿತ್ತು ಅಂದ್ಕೊಂಡಿದ್ದೆ. ಈ ಗೋಡೆಯಿಂದ ಇಷ್ಟೊಂದು ಸೋರ್ತಾ ಇತ್ತಾ? ಈಗ ನೋಡು, ಒಂದು ಹನಿ ಬಿಸಿ ಆಚೆ ಹೋಗ್ತಿಲ್ಲ."

ಜೈಬುನ್ನೀಸಾ ಕೊಡ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟರು. "ಏನಂದ್ರಿ? ನಮ್ಮ ಮಗೀನ ಸ್ನಾನ ನಿಮಗೆ ಸೋರಿಕೆನಾ? ಮದುವೆ ಇಲ್ಲ, ಮಕ್ಕಳಿಲ್ಲ, ತುತ್ತೂರಿ ಇಟ್ಕೊಂಡು ಆಟ ಆಡೋ ಮನುಷ್ಯ, ನೀವು ನನಗೆ..."

ಮುಖ ಕೆಂಪೇರಿತ್ತು. ದನಿ ಮಾರುಕಟ್ಟೆ ಮುಟ್ಟುತ್ತಿತ್ತು. ಆಗ ಒಳಗಿನಿಂದ ಕಹಳೆ ಓಣಿಯ ಕಡೆಗೆ ತಿರುಗಿದ ಕಿರ್ರೆಂಬ ಸದ್ದು ಕೇಳಿತು. ಜೈಬುನ್ನೀಸಾ ಮಾತಿನ ನಡುವೆಯೇ ನಿಂತರು. ಮುಖದ ಕೆಂಪು ಇಳಿಯಿತು. ಕಣ್ಣು ಮಿಟುಕಿಸಿ, "ಊಟ ಆಯ್ತಾ ಅಣ್ಣಾ?" ಎಂದು ಮರಿಲಿಂಗಯ್ಯನನ್ನು ಅತ್ಯಂತ ಮೃದುವಾಗಿ ವಿಚಾರಿಸಿಕೊಂಡು, ಕೊಡ ಎತ್ತಿ ಮನೆಗೆ ಹೋದರು.

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು.

"ಮರಿಲಿಂಗ, ಅವಳು ಬೈಯೋಕೆ ಶುರುಮಾಡಿ ಪೂರ್ತಿ ಮಾಡದೆ ಹೋದದ್ದು ನಾನು ಇದುವರೆಗೂ ಕಂಡಿಲ್ಲ."

"ಕೋಪ ಅಂದ್ರೆ ಬಿಸಿ ತಾನೇ ಅಕ್ಕ," ಎಂದ ಮರಿಲಿಂಗಯ್ಯ ತಲೆ ಕೆರೆದುಕೊಳ್ಳುತ್ತ. "ಬಳಕೆ ಇಲ್ಲದ್ದು. ದಂಡದ್ದು."

ಚಿಮಣಿಯನ್ನು ಬರಿದು ಮಾಡಿದ ಯಂತ್ರ ಈಗ ಬೀದಿಗೆ ಕೈ ಹಾಕಿತ್ತು. ಮೂಲೆಯ ಕಾಫಿ ಅಂಗಡಿಯಲ್ಲಿ ಜನ ಲೋಟ ಹಿಡಿದು ರಾಜಕೀಯ ಮಾತಾಡುತ್ತಿದ್ದರು. ಕುಡಿಯದೆ ಹಿಡಿದ ಕಾಫಿ ದಂಡವಲ್ಲವೇ? ಲೋಟ ತುಟಿಗೆ ಬರುವಷ್ಟರಲ್ಲಿ ಐಸಿನಂತಾಯಿತು. ಇನ್ನೊಂದು ಹೇಳಿದರು, ಅದೂ ಹಾಗೆಯೇ. ಕೊನೆಗೆ ಮಾತು ಬಿಟ್ಟು ಒಂದೇ ಗುಟುಕಿಗೆ ಕುಡಿದು ಎದ್ದರು. ಆ ಅಂಗಡಿಯಲ್ಲಿ ಸರ್ಕಾರವೊಂದು ಉರುಳದೆ ಬೆಳಗಿನ ಕಾಫಿ ಮುಗಿದದ್ದು ಅದೇ ಮೊದಲು.

ಇಸ್ತ್ರಿಯ ದೊರೆಸ್ವಾಮಿ ಕೆಂಡದ ಪೆಟ್ಟಿಗೆಯನ್ನು ಇಟ್ಟಿಗೆಯ ಮೇಲಿಟ್ಟು ಎಲೆಯಡಿಕೆ ಹಾಕಿಕೊಂಡ. ತಿರುಗಿ ನೋಡಿದರೆ ಪೆಟ್ಟಿಗೆಯೊಳಗೆ ಬರೀ ಇದ್ದಿಲು. ಬೈಯೋಣವೆಂದು ಬಾಯಿ ತೆರೆದ, ಕೋಪ ಬರಲಿಲ್ಲ. ಆದರೆ ಮೂರು ದಿನದಿಂದ ಬಿಡದೆ ಕಾಡುತ್ತಿದ್ದ ಜ್ವರವೂ ಮೈಬಿಟ್ಟು ಹೋಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವನು ತಣ್ಣನೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎದುರು ಸಾಲಿನ ಕಾರ್ಖಾನೆಯವರಿಗೆ ಹೊಂಬಾಳಮ್ಮನ ಹೊಸ ಗೂಡಿನ ಮೇಲೆ ಹೊಟ್ಟೆಕಿಚ್ಚಿತ್ತಂತೆ. ಅದೂ ಅಂದು ಆರಿಹೋಯಿತೆಂದು ಅವರೇ ಆಮೇಲೆ ಹೇಳಿದರು.

ಇಷ್ಟಾದರೂ ಒಳಗೆ ಆವಿ ಬರುತ್ತಿತ್ತು. ಬೋಗುಣಿಗಳು ಕುದಿಯುತ್ತಿದ್ದವು. ಹಳೆಯ ಗೂಡು ಮುಗಿಸಿ ಹೊಸದನ್ನು ಆವಿಪೆಟ್ಟಿಗೆಗೆ ಹಾಕುವುದೆಂದು ಹೊಂಬಾಳಮ್ಮ ಲೆಕ್ಕ ಹಾಕಿಕೊಂಡಿದ್ದಳು. ಅಷ್ಟರಲ್ಲಿ ಊಟದ ಹೊತ್ತಾಯಿತು. ಹೆಣ್ಣುಮಕ್ಕಳು ಕೈ ಒರೆಸಿಕೊಂಡು ಬುತ್ತಿ ಬಿಚ್ಚಲು ಎದ್ದು ಹೋದರು.

ಕಹಳೆ ಖಾಲಿ ಬೋಗುಣಿಗಳ ಕಡೆ ತಿರುಗಿತು. ಎಲ್ಲ ಬೋಗುಣಿಗಳೂ ಕುದಿಯುತ್ತಿವೆ, ಒಂದರ ಮುಂದೆಯೂ ಮನುಷ್ಯರಿಲ್ಲ. ಎಂಥ ದಂಡ! ಯಂತ್ರ ಒಂದು ದೀರ್ಘ ಉಸಿರೆಳೆಯಿತು.

ಬೋಗುಣಿಗಳು ತಣ್ಣಗಾದವು. ಆವಿಕೊಳವೆ ತಣ್ಣಗಾಯಿತು. ಬಾಯ್ಲರ್‌ನ ನೀರು ತಣ್ಣಗಾಯಿತು. ಕೊನೆಗೆ ಒಲೆಯೊಳಗೆ ಧಗಧಗ ಉರಿಯುತ್ತಿದ್ದ ಹುಣಸೆ ಕೊರಡು ಕೂಡ ತಾನು ಉರಿದದ್ದೇ ಸುಳ್ಳು ಎಂಬಂತೆ ಕಪ್ಪಗೆ ಬಿದ್ದುಕೊಂಡಿತು. ಮುಳ್ಳು ಸೊನ್ನೆಗೆ ಬಂದು ನಿಂತಿತು.

"ಬೆಂಕಿ ಹಚ್ಚು," ಎಂದಳು ಹೊಂಬಾಳಮ್ಮ.

ಮರಿಲಿಂಗಯ್ಯ ಕಡ್ಡಿ ಗೀರಿದ. ಸೌದೆಗೆ ತಾಗುವ ಮೊದಲೇ ಕಡ್ಡಿಯ ಉರಿ ಸುಯ್ಯೆಂದು ಕಹಳೆಗೆ ಹೋಯಿತು. ಪೆಟ್ಟಿಗೆ ಮುಗಿಯುವವರೆಗೆ ಗೀರಿದ.

"ನಿಲ್ಸು ಇದನ್ನ."

"ಇದು ಬಿಸಿಯಿಂದಲೇ ಓಡೋ ಯಂತ್ರ ಅಕ್ಕಾ. ಹೊಟ್ಟೇಲಿ ಬಿಸಿ ಇರೋಗಂಟ ಓಡ್ತದೆ. ಇಡೀ ಬೀದಿದು ಈಗ ಅದರ ಹೊಟ್ಟೇಲೈತೆ."

"ಸುತ್ತಿಗೆ ತಗೊಂಡು ಒಡೆದುಹಾಕು."

"ಒಡೆದ್ರೆ ಅಷ್ಟೂ ಬಿಸಿ ಒಂದೇ ಸಲ ಆಚೆ ಬರ್ತದೆ. ನಾನೂ ನೀನೂ ಚನ್ನಪಟ್ಟಣದಲ್ಲಿ ಬಿದ್ದಿರ್ತೀವಿ."

ಎದುರು ಸಾಲಿನಲ್ಲಾದರೂ ಗೂಡಿಗೆ ಆವಿ ಕೊಡಿಸೋಣವೆಂದು ವಿಚಾರಿಸಿದರೆ, ಅವರ ಬಾಯ್ಲರ್‌ಗಳೂ ಊಟದ ಹೊತ್ತಿನಲ್ಲಿ ತಣ್ಣಗಾಗಿದ್ದವು. ಕೋಪವಿಲ್ಲದ ಕಾರಣ ಅವರು ಬಾಗಿಲಲ್ಲಿ ನಿಂತು ಸಮಾಧಾನವಾಗಿ ನಗುತ್ತಿದ್ದರು.

ಹೊಂಬಾಳಮ್ಮ ಗೂಡಿನ ಕೋಣೆಗೆ ಹೋದಳು. ತಟ್ಟೆ ತಟ್ಟೆಯಲ್ಲಿ ಬೆಳ್ಳನೆಯ ಗೂಡು. ಕಿವಿಗೊಟ್ಟು ಕೇಳಿದರೆ ಮೆಲ್ಲನೆ ಸರಪರ ಸದ್ದು. ಒಂದು ಗೂಡಿನ ತುದಿ ಒದ್ದೆಯಾಗಿತ್ತು. ನೋಡುತ್ತಿದ್ದಂತೆ ತುದಿ ಬಿರಿದು, ಪೆಚ್ಚುಮುಖದ ಒಂದು ಚಿಟ್ಟೆ ಆಚೆ ಬಂದು, ರೆಕ್ಕೆ ನೇರ ಮಾಡಿಕೊಂಡು ಆಕೆಯ ಮಣಿಕಟ್ಟಿನ ಮೇಲೆ ಕೂತಿತು. ಇದು ಮೊದಲನೆಯದು. ಕತ್ತಲಾಗುವುದರೊಳಗೆ ಕೋಣೆ ತುಂಬ ಚಿಟ್ಟೆಯಾದರೆ ಗಂಡ ಕಟ್ಟಿದ್ದ ಕಾರ್ಖಾನೆ ಅಲ್ಲಿಗೆ ಮುಗಿಯಿತು. ಆಕೆಗೆ ಅಳು ಬಂತು. ಕೋಪ ಬರಬೇಕಿತ್ತು, ಅದನ್ನು ಯಂತ್ರ ಆಗಲೇ ಎಳೆದುಕೊಂಡಿತ್ತು.

ಬಾಗಿಲಲ್ಲಿ ಮರಿಲಿಂಗಯ್ಯ ಬಂದು ನಿಂತ. ತಮ್ಮ ಇಷ್ಟು ಚಿಕ್ಕವನಾಗಿ ಕಂಡದ್ದು ಆಕೆಗೆ ಅವನ ಬಾಲ್ಯದ ನಂತರ ಇದೇ ಮೊದಲು. "ನಿಂಗೆ ಒಳ್ಳೇದಾಗಲಿ ಅಂತ ಮಾಡ್ದೆ ಅಕ್ಕ," ಎಂದ. "ಸೌದೆ ಒಟ್ಟಿ ಒಟ್ಟಿ ನಿನ್ನ ಕೈ ಬೊಬ್ಬೆ ಬಂದದ್ದು ನೋಡಕ್ಕಾಗ್ತಿರಲಿಲ್ಲ."

ಹೊಂಬಾಳಮ್ಮ ಕಣ್ಣೊರೆಸಿಕೊಂಡಳು. "ಅತ್ತರೆ ಹುಳ ಕೇಳಲ್ಲ. ಬೇಕಾದೋರಿಗೆ ಬಿಸಿ ಕೊಡ್ತದೆ ಅಂದಿದ್ದೆಯಲ್ಲ, ಯಾಕೆ ಕೊಡ್ತಿಲ್ಲ? ಅದನ್ನ ಮೊದಲು ಹೇಳು."

"ಬಳಸೋರು ಕಣ್ಣಿಗೆ ಕಂಡ್ರೆ ಕೊಡ್ತದೆ. ಆದ್ರೆ ನೀರು ಬಿಸಿಯಿಲ್ಲದೆ ಹುಡುಗೀರು ಹೆಂಗೆ ಕೆಲಸ ಮಾಡ್ತಾರೆ? ಕೆಲಸ ತೋರ್ಸಿ, ಬಿಸಿ ಕೊಡ್ತೀನಿ ಅಂತದೆ ಅದು. ಬಿಸಿ ಕೊಡು, ಕೆಲಸ ತೋರಿಸ್ತೀವಿ ಅಂತೀವಿ ನಾವು."

"ಕೂರಿಸಿ ನೋಡೋಣ."

ಹೆಣ್ಣುಮಕ್ಕಳು ತಣ್ಣನೆಯ ಬೋಗುಣಿಗಳ ಮುಂದೆ ಕೂತು, ಇಲ್ಲದ ಎಳೆ ಹಿಡಿದು, ಇಲ್ಲದ ಬಿಸಿಗೆ ಕೈ ಸುಟ್ಟಂತೆ ಉಫ್ ಉಫ್ ಎಂದು ಊದಿಕೊಂಡರು. ಕಹಳೆ ಅನುಮಾನದಿಂದ ಒಬ್ಬೊಬ್ಬರನ್ನೂ ನೋಡಿತು. ಹೊಟ್ಟೆಯಲ್ಲಿ ಗುಡುಗುಡು ಎಂದಿತು. ನೀರು ಉಗುರು ಬೆಚ್ಚಗಾಯಿತು. ಅಷ್ಟರಲ್ಲಿ ನಿಂಗಮ್ಮ ಎಂಬಾಕೆಗೆ ಊಟದ ಮೇಲಿನ ಆಕಳಿಕೆ ಬಂತು. ಯಂತ್ರ ಅಷ್ಟನ್ನೂ ವಾಪಸ್ಸು ಎಳೆದುಕೊಂಡಿತು.

"ನಾಟಕ ನಡೆಯಲ್ಲ," ಎಂದಳು ಹೊಂಬಾಳಮ್ಮ. "ನಿಜವಾಗಿ ಬೇಕಾದೋರೇ ಬೇಕು."

ಆಗ ಆಕೆಗೆ ಹಿಂದಿನ ಓಣಿ ನೆನಪಾಯಿತು.

ಕೇಳಲು ಬಾಯಿ ಬರಲಿಲ್ಲ. ಬೆಳಗ್ಗೆಯಷ್ಟೇ ತಮ್ಮ ಅವರನ್ನೆಲ್ಲ ಸೋರಿಕೆ ಎಂದಿದ್ದ. ಆದರೂ ಸೆರಗು ಹೊದ್ದು ಓಣಿಗೆ ಹೋಗಿ, ಜೈಬುನ್ನೀಸಾರ ಬಾಗಿಲು ತಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಅಮ್ಮಯ್ಯ, ನನ್ನ ಗೂಡು ಹೋಗ್ತಾ ಐತೆ. ನಿಮ್ಮ ನಿಮ್ಮ ಕೊಡ, ಪಾತ್ರೆ, ಒದ್ದೆ ಬಟ್ಟೆ ಏನಿದ್ರೂ ತಗೊಂಡು ಬನ್ನಿ. ನನ್ನ ಬಾಯ್ಲರ್ ಮೇಲೆ ಇಡಿ. ನನಗೆ ಒಂದು ಉಪಕಾರ ಮಾಡಿ."

ಜೈಬುನ್ನೀಸಾ ಆಕೆಯ ಮುಖ ನೋಡಿದರು. "ನಿಮಗೆ ನಾವು ಉಪಕಾರನಾ? ನನ್ನ ಮೂರು ಹೆಣ್ಣುಮಕ್ಕಳ ಬಾಣಂತನ ನಿಮ್ಮ ಕಟ್ಟೆ ಮೇಲೆ ಆಗೈತೆ ಅಕ್ಕ. ಒಂದು ದಿನ ಸೌದೆ ಕೇಳಿಲ್ಲ ನೀವು, ಇಲ್ಲಿ ಯಾಕೆ ಇಡ್ತೀಯಾ ಅಂತ ಕೇಳಿಲ್ಲ."

"ನಂಗೆ ಗೊತ್ತೇ ಇರಲಿಲ್ಲ."

"ಗೊತ್ತಿಲ್ಲದೆ ಕೊಟ್ಟಿದ್ದು ಇನ್ನೂ ದೊಡ್ಡದು," ಎಂದು ಅವರು ಒಳಗೆ ತಿರುಗಿ ಮಗಳನ್ನು ಕೂಗಿದರು.

ಬೀದಿಯ ಕೋಪ ಹೋದದ್ದು ಯಂತ್ರದಿಂದ ಇರಬಹುದು. ಬೀದಿ ಎದ್ದು ಬಂದದ್ದು ಮಾತ್ರ ತಾನಾಗಿಯೇ. ಜೈಬುನ್ನೀಸಾ ಕೊಡ ತಂದರು, ಹಿಂದೆಯೇ ಮಗಳು ಕೂಸನ್ನು ಎತ್ತಿಕೊಂಡು ಬಂದಳು. ಸ್ನಾನ ತಪ್ಪಿದ ಕೂಸು ಮನೆ ಹಾರಿಹೋಗುವಂತೆ ಅಳುತ್ತಿತ್ತು. ಮೇಷ್ಟ್ರು ಬಂದು ಗೋಡೆಗೆ ಬೆನ್ನು ಕೊಟ್ಟರು. ದೊರೆಸ್ವಾಮಿ ಇಸ್ತ್ರಿ ಪೆಟ್ಟಿಗೆ, ಜೊತೆಗೆ ಯಾರೋ ಮದುಮಗನ ಸುಕ್ಕುಗಟ್ಟಿದ ಅಂಗಿ ಹಿಡಿದು ಬಂದ. ಕಾಫಿ ಅಂಗಡಿಯವನು ಹಾಲಿನ ಪಾತ್ರೆ ಇಟ್ಟ. ಸಂಡಿಗೆಯ ಮೊರ ಬಂತು, ಅಕ್ಕಿ ತೊಳೆದಿಟ್ಟ ತಪ್ಪಲೆ ಬಂತು, ಎದುರು ಸಾಲಿನ ಕಾರ್ಖಾನೆಯವರು ಕೂಡ ನಗುನಗುತ್ತಲೇ ಬಿಸಿನೀರಿಗೆ ಬಕೆಟ್ ತಂದರು. ಬಾಯ್ಲರ್ ಕಾಣದಂತೆ ಪಾತ್ರೆಗಳು ಮುಚ್ಚಿಕೊಂಡವು. ನಡುವೆ ಹೊಂಬಾಳಮ್ಮ ಗೂಡಿನ ಮೊದಲ ತಟ್ಟೆಗಳನ್ನು ಆವಿಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದಳು.

ಕಹಳೆ ತಿರುಗಿತು. ಅಳುವ ಕೂಸಿನ ಮುಂದೆ ತುಸು ಹೊತ್ತು ನಿಂತಿತು. ಮೇಷ್ಟ್ರ ಸೊಂಟದ ಮುಂದೆ ನಿಂತಿತು. ಒಂದೊಂದು ಪಾತ್ರೆಯನ್ನೂ ನೋಡಿತು. ಆಕಳಿಸಿದವರು ಒಬ್ಬರೂ ಇರಲಿಲ್ಲ.

ಹಿತ್ತಾಳೆಯ ಹೊಟ್ಟೆ ನಡುಗಿತು. ಒಳಗಿನಿಂದ ದೊಡ್ಡದೊಂದು ತೇಗು ಬಂತು. ಆಮೇಲೆ ಬಂದದ್ದು ಬಿಸಿ.

ಒಲೆಯ ಕೊರಡು ತಾನಾಗಿ ಹೊತ್ತಿಕೊಂಡಿತು. ಮುಳ್ಳು ಸೊನ್ನೆ ಬಿಟ್ಟು ಓಡಿತು. ಆವಿಪೆಟ್ಟಿಗೆ ಬುಸುಗುಟ್ಟಿತು. ತಾಮ್ರದ ಕೊಡ ಕಾದು, ಹಾಲು ಉಕ್ಕಿ, ಅನ್ನ ಬೆಂದು, ಮದುಮಗನ ಅಂಗಿ ಅಲ್ಲೇ ಗರಿಗರಿಯಾಗಿ ಎದ್ದು ನಿಂತಿತು. ಅಂಗಿಯೇನು, ಅಲ್ಲಿದ್ದವರು ಉಟ್ಟ ಬಟ್ಟೆಯೆಲ್ಲ ಮೈಮೇಲೇ ಇಸ್ತ್ರಿಯಾಯಿತು. ಹೆಣ್ಣುಮಕ್ಕಳು ಕೂಗಾಡುತ್ತ, ನಗುತ್ತ, ತಟ್ಟೆಯ ಮೇಲೆ ತಟ್ಟೆ ಗೂಡು ಒಳಗೆ ತಳ್ಳಿದರು. ಹೊಂಬಾಳಮ್ಮ ಒಂದೊಂದು ತಟ್ಟೆಗೂ ಕೈಮುಗಿದಳು.

ಒಂದು ಎಡವಟ್ಟಾಯಿತು. ಯಾರ ಬಿಸಿ ಯಾರಿಗೆ ಎಂದು ಯಂತ್ರ ವಿಳಾಸ ಬರೆದಿಟ್ಟುಕೊಂಡಿರಲಿಲ್ಲ. ಕಾಫಿಯ ಬಿಸಿ ಮೂಲೆಯ ಅಂಗಡಿಯ ನಿಂಬೆಹಣ್ಣಿನ ಶರಬತ್ತಿಗೆ ಹೋಯಿತು. ದೊರೆಸ್ವಾಮಿಯ ಜ್ವರ ದಾರಿಬದಿಯ ಐಸ್‌ಕ್ಯಾಂಡಿ ಡಬ್ಬಕ್ಕೆ ಹೋಗಿ, ಮಾರುವವನು ಕೆಂಪು ನೀರು ಚೆಲ್ಲುತ್ತ ನಿಂತ. ಜೈಬುನ್ನೀಸಾರ ಕೋಪ, ಬೆಳಗ್ಗೆ ಅರ್ಧಕ್ಕೆ ನಿಂತಿದ್ದ ಆ ಬಲವಾದ ಕೋಪ, ನೇರವಾಗಿ ಶ್ಯಾಮಣ್ಣ ಮೇಷ್ಟ್ರ ಮೈಮೇಲೆ ಬಂತು!

ಮೇಷ್ಟ್ರು ಸೊಂಟ ನೆಟ್ಟಗೆ ಮಾಡಿ ಎದ್ದರು. ಮುಖ ಕೆಂಪಾಯಿತು. "ಮದುವೆ ಇಲ್ಲ, ಮಕ್ಕಳಿಲ್ಲ, ತುತ್ತೂರಿ ಇಟ್ಕೊಂಡು ಆಟ ಆಡೋ ಮನುಷ್ಯ!" ಎಂದು ಮರಿಲಿಂಗಯ್ಯನ ಮೇಲೆ ಏರಿಹೋಗಿ, ಬೆಳಗಿನ ಬೈಗುಳವನ್ನು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿ, ಜೈಬುನ್ನೀಸಾರಿಗೂ ಗೊತ್ತಿಲ್ಲದ ಮಾತುಗಳನ್ನು ಸೇರಿಸಿ, ಸೂತ್ರಬದ್ಧವಾಗಿ ಮುಗಿಸಿದರು. ಮುಗಿಸಿದ ಮೇಲೆ ತಮ್ಮ ದನಿಗೆ ತಾವೇ ಬೆರಗಾಗಿ ಕೂತುಬಿಟ್ಟರು.

"ಕ್ಷಮಿಸಿ ಮರಿಲಿಂಗಯ್ಯ," ಎಂದರು. "ಆದರೆ ಏನು ಹಗುರವಾಯಿತು ಗೊತ್ತೆ? ಸೊಂಟದ ನೋವೇ ಇಲ್ಲ."

ಜೈಬುನ್ನೀಸಾ ಮೆಚ್ಚುಗೆಯಿಂದ ತಲೆದೂಗಿದರು. "ನಾನು ಇಷ್ಟು ಚೆನ್ನಾಗಿ ಬೈತಿರಲಿಲ್ಲ," ಎಂದರು.

ಕತ್ತಲಾಗುವ ಮೊದಲು ಕೊನೆಯ ತಟ್ಟೆಯೂ ಆವಿ ಕಂಡಿತು. ಅಷ್ಟು ಗೂಡಿನಲ್ಲಿ ಹಾರಿಹೋದದ್ದು ಬೆರಳೆಣಿಕೆಯಷ್ಟು ಚಿಟ್ಟೆ. ಕೂಸು ಸ್ನಾನ ಮಾಡಿ ನಿದ್ದೆ ಹೋಗಿತ್ತು. ತಪ್ಪಲೆಯಲ್ಲಿ ಬೆಂದ ಅನ್ನಕ್ಕೆ ಯಾರದೋ ಮನೆಯ ಸಾರು ಬಂದು, ಬೀದಿಯವರೆಲ್ಲ ಬಾಯ್ಲರ್ ಮನೆಯಲ್ಲೇ ಉಂಡರು. ಹೊಂಬಾಳಮ್ಮ ಬಡಿಸುತ್ತ ಬಡಿಸುತ್ತ ಎಲ್ಲರ ಮುಖವನ್ನೂ ನೋಡಿದಳು. ಗಂಡ ಹೋದಂದಿನಿಂದ ಈ ಕಾರ್ಖಾನೆಯನ್ನು ತಾನೊಬ್ಬಳೇ ನಡೆಸುತ್ತಿದ್ದೇನೆ ಎಂದುಕೊಂಡಿದ್ದಳು. ಗೋಡೆಯ ಆಚೆ ಇಷ್ಟು ಜನ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದರು.

"ನಿಮ್ಮ ಋಣ ನಾನು ತೀರಿಸೋಕಾಗಲ್ಲ," ಎಂದಳು. ತಮ್ಮನ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿ, ಅವನ ತಲೆ ನೇವರಿಸಿದಳು. "ನಿಂದೂ ಕಣೋ. ನೀನು ಕೆಡಿಸದೆ ಇದ್ದಿದ್ರೆ ನಂಗೆ ಇವರು ಯಾರೂ ಗೊತ್ತಾಗ್ತಿರಲಿಲ್ಲ."

ಮರಿಲಿಂಗಯ್ಯ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ.

ಯಂತ್ರ ಅಂದಿನಿಂದ ಬದಲಾಯಿತು. ಓಣಿಯ ಕಟ್ಟೆಗೆ ಸಲ್ಲಬೇಕಾದ ಬಿಸಿಯನ್ನು ಅದು ಮುಟ್ಟುವುದಿಲ್ಲ. ಕೊಡ, ಸಂಡಿಗೆ, ಸೊಂಟ ಎಲ್ಲ ಆದ ಮೇಲೆ ಚಿಮಣಿಯಲ್ಲಿ ಮಿಕ್ಕಿದ್ದನ್ನು ಮಾತ್ರ ನೀರಿಗೆ ಸೇರಿಸುತ್ತದೆ. ಸೌದೆ ಸಾಕಷ್ಟು ಉಳಿಯುತ್ತದೆ. ಆದರೆ ಒಂದು ಚಟ ಅಂಟಿಕೊಂಡಿದೆ. ಬೀದಿಯ ಜನ ಬಂದು ಸುತ್ತ ಕೂರದೆ ಅದು ಒಂದು ತೊಟ್ಟು ಆವಿಯನ್ನೂ ಬಿಡುವುದಿಲ್ಲ. ಆದ್ದರಿಂದ ಗೂಡಿಗೆ ಆವಿ ಕೊಡುವ ದಿನ ಬೀದಿಗೆ ಬೀದಿಯೇ ಪಾತ್ರೆ ಪಡಗ ಹಿಡಿದು ಬರಬೇಕು. ಬರುತ್ತಾರೆ.

ಹೀಗೊಂದು ದಿನ ಎಲ್ಲರೂ ನೆರೆದಿರುವಾಗ ಬಾಯ್ಲರ್ ಪರೀಕ್ಷಿಸಲು ಇನ್ಸ್‌ಪೆಕ್ಟರರು ಬಂದರು. ಕನ್ನಡಕದ ಮೇಲಿಂದ ಒಳಗಿನ ಜಾತ್ರೆ ನೋಡಿ ದಂಗಾಗಿ ನಿಂತರು.

"ಏನಮ್ಮ ಇದು? ಬಾಯ್ಲರ್ ಮನೆಯಲ್ಲಿ ಕೂಸು, ಮುದುಕರು, ಅನ್ನದ ತಪ್ಪಲೆ. ಇಷ್ಟು ಜನಕ್ಕೆ ಇಲ್ಲೇನು ಕೆಲಸ?"

"ಅವರಿಲ್ಲದೆ ಆವಿ ಏಳಲ್ಲ ಸಾರ್," ಎಂದಳು ಹೊಂಬಾಳಮ್ಮ.

"ನನ್ನ ಸರ್ವೀಸಿನಲ್ಲಿ ಇಂಥದ್ದು ನಾನು ಕೇಳಿಲ್ಲ. ಸೌದೆಯಿಂದ ಏಳುತ್ತೆ, ಇದ್ದಿಲಿನಿಂದ ಏಳುತ್ತೆ, ಜನರಿಂದ ಏಳುತ್ತಾ?" ಎಂದು ಅವರು ಕೈ ಬೀಸಿ ಮಾತಾಡತೊಡಗಿದರು. ಬೆಳಗಿನಿಂದ ಊರೂರು ಸುತ್ತಿ ಬಂದಿದ್ದರು. ಮಧ್ಯಾಹ್ನ ಮೀರಿತ್ತು, ಹಸಿವಾಗಿತ್ತು. ಮಾತಿನ ಭರದಲ್ಲಿ ಕಂಕುಳಲ್ಲಿದ್ದ ತಮ್ಮ ಊಟದ ಡಬ್ಬಿ, ಹೆಂಡತಿ ಕಟ್ಟಿಕೊಟ್ಟು ಆರಿ ತಣ್ಣಗಾಗಿದ್ದ ಡಬ್ಬಿ, ಜಾರೀತೆಂದು ಬಾಯ್ಲರ್‌ನ ಮೇಲೆ ಕೊಡಗಳ ಸಂದಿಯಲ್ಲಿ ಇಟ್ಟರು.

ಕಹಳೆ ಡಬ್ಬಿಯ ಕಡೆಗೆ ತಿರುಗಿತು. ಒತ್ತಡದ ಮುಳ್ಳು ಚಕ್ಕನೆ ಎರಡು ಗೆರೆ ಮೇಲಕ್ಕೇರಿತು.

ಇನ್ಸ್‌ಪೆಕ್ಟರರು ಮುಳ್ಳು ನೋಡಿದರು. ಡಬ್ಬಿ ಎತ್ತಿದರು, ಮುಳ್ಳು ಇಳಿಯಿತು. ಮತ್ತೆ ಇಟ್ಟರು, ಏರಿತು. ಆಮೇಲೆ ಡಬ್ಬಿ ಎತ್ತಿಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು.

"ಸಾರ್," ಎಂದು ಹೊಂಬಾಳಮ್ಮ ಅವರ ಹಿಂದೆಯೇ ಮಣೆಯೊಂದನ್ನು ಎಳೆದು ತಂದಳು. "ಊಟ ಬಿಸಿಯಾಗೋಗಂಟ ಕೂತ್ಕೊಳ್ಳಿ. ಇನ್ನೂ ಎರಡು ತಟ್ಟೆ ಗೂಡು ಉಳಿದೈತೆ."